ಅಜ್ಜನ ನಶ್ಯದ ಡಬ್ಬಿ ಮತ್ತು ಸೂಜಿಗಲ್ಲು

ಬೆಳಿಗ್ಗೆ ಪಕ್ಕದ ಮನೆಯವರು ಗಾರೆ ಕೆಲಸಕ್ಕೆಂದು ಮರಳು ಇಳಿಸಿದರು. ಹಸಿ ಮರಳಿನ ವಾಸನೆ ಕಿಟಕಿಯಲ್ಲಿ ಬಂದದ್ದೇ ತಡ, ನಾನು ಶಿಕಾರಿಪುರದ ಶಿಶುವಿಹಾರದಲ್ಲಿದ್ದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗಾಗ ಐದು ವರ್ಷ.

ಶಿಶುವಿಹಾರವೆಂದರೆ ದೊಡ್ಡದೇನಲ್ಲ, ಒಂದು ಬಾಡಿಗೆ ಪಡಸಾಲೆ. ಸೊರಬದ ಕಡೆಯಿಂದ ಬಂದಿದ್ದ ನಮ್ಮ ಟೀಚರು ಶಾರದಕ್ಕೋರು ಅಲ್ಲಿ ಮರಳಿನ ತೊಟ್ಟಿ ಮಾಡಿಸಿದ್ದರು. ಕಣ್ಣು ಮುಚ್ಚಿ ಮರಳಲ್ಲಿ ಕೈಯಾಡಿಸಬೇಕು, ಸಿಕ್ಕಿದ್ದು ಹುಣಸೆಬೀಜವೋ ಮೊಳೆಯೋ ಹೇಳಬೇಕು. ಆಮೇಲೆ, ಕೆಟ್ಟ ರೇಡಿಯೋದಿಂದ ಬಿಚ್ಚಿದ ಸೂಜಿಗಲ್ಲನ್ನು ಮೇಲೆ ಆಡಿಸಿದರೆ ಮೊಳೆಗಳು ತಾವಾಗಿ ಎದ್ದು ಬರುತ್ತಿದ್ದವು. ಕಲ್ಲಿಗೆ ಕಪ್ಪು ಮರಳಿನ ಗಡ್ಡವೂ ಬೆಳೆಯುತ್ತಿತ್ತು. ನನಗಂತೂ ಆ ಗಡ್ಡ ಬಾಚುವುದೇ ವಿದ್ಯಾಭ್ಯಾಸ.

ಜವಳಿ ಅಂಗಡಿಯ ನಮ್ಮಜ್ಜನಿಗೆ ಇದು ಸರಿಬರಲಿಲ್ಲ. ಮೊಮ್ಮಗಳಿಗೆ ಅಕ್ಷರ ಹತ್ತಲಿಲ್ಲ, ತಲೆಗೆ ಮರಳು ಹತ್ತಿತು ಎಂದು ನನ್ನನ್ನು ಬಿಡಿಸಲು ಹೊರಟೇಬಿಟ್ಟರು. ಅಜ್ಜ ಬಿಡಿಸಿದರೆ ಬೀದಿಯವರೆಲ್ಲ ಬಿಡಿಸುತ್ತಾರೆ. ಅದು ಅಕ್ಕೋರಿಗೂ ಗೊತ್ತಿತ್ತು. ಆದರೂ ಅವರು ವಾದಿಸಲಿಲ್ಲ. ಚಾಪೆ ಹಾಸಿ, ಸೂಜಿಗಲ್ಲನ್ನು ಅಜ್ಜನ ಕೈಗಿತ್ತರು.

ಅಜ್ಜ ಒಲ್ಲದ ಮನಸ್ಸಿನಿಂದ ಮರಳಿಗೆ ತಾಗಿಸಿದರು. ಗಡ್ಡ ಬಂತು.

"ಉಸುಕಿನಾಗ ಕಬ್ಬಿಣ ಎಲ್ಲಿಂದ ಬಂತ್ರೀ?"

"ನನಗೂ ಸರಿಯಾಗಿ ಗೊತ್ತಿಲ್ಲ ಸಾವ್ಕಾರ್ರೇ. ಮಕ್ಕಳೂ ಅದನ್ನೇ ಕೇಳ್ತಾ ಇದಾವೆ," ಎಂದರು ಅಕ್ಕೋರು.

ಅಲ್ಲಿಗೆ ಅಜ್ಜ ಬಿಡಿಸುವ ಮಾತು ಮರೆತರು. ಕಂಬದ ಮೊಳೆಗೆ ಹಿಡಿದರು, ಬಾಗಿಲ ಚಿಲಕಕ್ಕೆ ಹಿಡಿದರು. ಅಡಕತ್ತರಿ ಅಂಟಿತು, ಬೆಳ್ಳಿ ಉಂಗುರ ಅಂಟಲಿಲ್ಲ. ಬೆಳ್ಳಿಗೆ ಅದರ ಹಂಗಿಲ್ಲ ಎಂದು ನಮಗೆ ಪಾಠ ಹೇಳುತ್ತ, ತಮಗೆ ಹೆಣ್ಣು ಕೊಟ್ಟ ಮಾವ ಕೊಟ್ಟಿದ್ದ ಬೆಳ್ಳಿ ನಶ್ಯದ ಡಬ್ಬಿಯನ್ನು ತೆಗೆದರು. ಪೇಟೆಯಲ್ಲಿ ಆ ಡಬ್ಬಿ ನೋಡದವರಿರಲಿಲ್ಲ.

ಟಕ್ ಎಂದು ಅಂಟಿಕೊಂಡಿತು.

ಅಜ್ಜ ಕಿತ್ತು ಮತ್ತೊಮ್ಮೆ ಹಿಡಿದರು. ಮತ್ತೆ ಟಕ್. ಅಕ್ಕೋರು ಸೆರಗು ಬಾಯಿಗೆ ಹಿಡಿದು ಗೋಡೆಯತ್ತ ತಿರುಗಿದರು. ಅಜ್ಜ ಡಬ್ಬಿಯನ್ನು ಜೇಬಿಗಿಳಿಸಿ, ತಗ್ಗಿದ ದನಿಯಲ್ಲಿ ಹೇಳಿದರು: "ಕೂಸು ದಿನಾ ಬರ್ತಾಳ್ರೀ. ಇದೊಂದು ಯಾರಿಗೂ ಹೇಳಬ್ಯಾಡ್ರಿ."

ಅಕ್ಕೋರು ಹೇಳಲಿಲ್ಲ. ನಾನು ಹೇಳಿದೆ, ಮಧ್ಯಾಹ್ನ ಊಟಕ್ಕೆ ಕೂತಾಗಲೇ. ಅಜ್ಜನ ಕೈಯ ತುತ್ತು ಅಲ್ಲೇ ನಿಂತಿತು. ಅಜ್ಜಿ ಮಾತ್ರ ನಿಧಾನವಾಗಿ ರೊಟ್ಟಿಗೆ ಬೆಣ್ಣೆ ಸವರುತ್ತ ಅಂದರು: "ನಮ್ಮಪ್ಪ ಅದನ್ನ ಬೆಳ್ಳೀದು ಅಂತ ಯಾವಾಗ ಹೇಳಿದ್ದ? ಊರಿಗೆಲ್ಲ ಹೇಳಿಕೊಂಡು ಬಂದೋರು ನೀವು."

ಮೊದಲು ನಕ್ಕವರು ಅಜ್ಜನೇ. ಆ ವಾರವೇ ಶಿಶುವಿಹಾರಕ್ಕೆ ಒಂದು ಗಾಡಿ ಹೊಸ ಮರಳು ಹೋಯಿತು. ಬೀದಿಯ ಮಕ್ಕಳಾರೂ ಬಿಡಲಿಲ್ಲ. ನನಗೆ ಅಕ್ಷರವೂ ತಡವಾಗಿಯಾದರೂ ಬಂತು. ಬಂದಿದ್ದಕ್ಕೆ ನೀವು ಇದನ್ನು ಓದುತ್ತಿದ್ದೀರಿ.

ಇಷ್ಟು ಬರೆಯುವಷ್ಟರಲ್ಲಿ ಕಾಫಿ ಆರಿಹೋಯಿತು. ಬೆಳಗಿನಿಂದ ಮಂಡಿನೋವೆಂದು ಮನೆಮಂದಿಯ ಮೇಲೆಲ್ಲ ಸಿಡುಕುತ್ತಿದ್ದೆ. ಈಗ ಒಬ್ಬಳೇ ನಗುತ್ತಿರುವುದನ್ನು ನೋಡಿ ಸೊಸೆ ಬಾಗಿಲಲ್ಲಿ ನಿಂತಿದ್ದಾಳೆ. ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.