ಸುಣ್ಣದ ಕಮಾನಿನ ಕೆಳಗೆ

ಕಮಾನು ಬಿದ್ದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಬಟ್ಟೆಯ ಗಂಟನ್ನು ನೆಲಕ್ಕೆ ಹಾಕಿದಂತೆ ಕೇಳಿಸಿತು, ಅಷ್ಟೆ. ಅದರ ಕೆಳಗೆ ನನ್ನ ಗೆಳತಿ ಇದ್ದಳು. ಈಗಲೂ ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ ಎಲ್ಲವೂ ಮೊದಲಿನಿಂದ ಕಣ್ಣೆದುರು ನಡೆಯುತ್ತದೆ. ಎಡಬದಿಯ ಇಟ್ಟಿಗೆಗಳು ಹೊರಕ್ಕೆ ಉಬ್ಬುತ್ತವೆ, ಕಮಾನಿನ ನೆತ್ತಿ ಇಳಿಯುತ್ತದೆ, ಅವಳ ಹಳದಿ ಹೆಲ್ಮೆಟ್ ಕಾಣದಾಗುತ್ತದೆ.

ನಾವಿಬ್ಬರೂ ಅಮೆರಿಕದ ಆಸ್ಟಿನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದೇವೆ. ನಾನು ಮೈಸೂರಿನವಳು, ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಬೆಂಗಳೂರಿನ ಫ್ಲೈಓವರ್ ಕೆಲಸದಲ್ಲಿದ್ದೆ. ಅವಳು ಕಲಬುರಗಿಯ ಮುಸ್ಲಿಂ ಮನೆತನದ ಹುಡುಗಿ. ಬಹಮನಿ ಕಾಲದ ಬಜಾರಿನ ಕಮಾನು ಅಂಗಡಿಗಳ ಮುಂದೆ ಆಡಿ ಬೆಳೆದವಳು. ಬಾಗ್ದಾದಿನಿಂದ ದಖನ್‌ವರೆಗೆ ಆ ಕಾಲದವರು ಬಿಸಿಲ ನಾಡಿನಲ್ಲಿ ಊರುಗಳನ್ನು ಹೇಗೆ ಕಟ್ಟಿದರು ಎಂಬುದು ಅವಳ ಪ್ರಬಂಧದ ವಿಷಯ. ಕಿರಿದಾದ ಬೀದಿ, ದಪ್ಪ ಗೋಡೆ, ಮೇಲೆ ಮುಚ್ಚಿದ ಬಜಾರು. ಮಸೀದಿಯಿಂದ ಅಂಗಡಿಗೆ, ಅಂಗಡಿಯಿಂದ ಸ್ನಾನದ ಹಮಾಮಿಗೆ ನೆರಳಲ್ಲೇ ನಡೆದು ಹೋಗಬಹುದು. ನಾವು ಬಾಡಿಗೆಗಿರುವ ಹೊರವಲಯದ ಊರು ಸೀಡರ್ ಪಾರ್ಕ್ ಕಂಡರೆ ಅವಳಿಗೆ ನಗು.

"ಹಾಲು ತರಲಿಕ್ಕ ಹೈವೇ ಹತ್ತಬೇಕು. ಇದಕ್ಕೂ ಊರಂತಾರ?" ಎನ್ನುತ್ತಿದ್ದಳು.

ಆ ಬಜಾರಿನ ಒಂದೇ ಒಂದು ಅಂಗಡಿಯನ್ನು ಅದರ ನಿಜವಾದ ಅಳತೆಯಲ್ಲಿ ಕಾಲೇಜಿನ ವರ್ಕ್‌ಶಾಪ್ ಅಂಗಳದಲ್ಲಿ ಕಟ್ಟಬೇಕೆಂದು ಅವಳಿಗೆ ಹಟ. ಸಿಮೆಂಟಿಲ್ಲ, ಕಬ್ಬಿಣವಿಲ್ಲ, ಇಟ್ಟಿಗೆ ಮತ್ತು ಸುಣ್ಣದ ಗಾರೆ ಮಾತ್ರ. ಇಟ್ಟಿಗೆ ಕೊಟ್ಟವರು ಸೀಡರ್ ಪಾರ್ಕಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಬಾಗಲಕೋಟೆಯ ಅಂಕಲ್. ಅವರ ತಂದೆ ಗೋಡೆ ಕಟ್ಟುವ ಗೌಂಡಿಯಾಗಿದ್ದರಂತೆ. ಪ್ರತಿ ಶನಿವಾರ ಬಂದು, ನಾವು ಇಟ್ಟ ಇಟ್ಟಿಗೆಯನ್ನು ಕಿತ್ತು, ಮತ್ತೆ ಇಟ್ಟು ಹೋಗುತ್ತಿದ್ದರು. ಕೆಳಗೆ ಆಸರೆಗೆ ನಿಲ್ಲಿಸಿದ್ದ ಕಟ್ಟಿಗೆಯ ಅಚ್ಚಿನ ಮೇಲೆ ಕಮಾನು ಕೂಡಿದ ದಿನ ನಾವು ಮೂವರೂ ಮಕ್ಕಳಂತೆ ಕೂಗಿದೆವು.

ಮರುದಿನ ಅವಳು ಸೆಮಿನಾರಿಗೆಂದು ಹತ್ತು ದಿನ ಹ್ಯೂಸ್ಟನ್ನಿಗೆ ಹೊರಟಳು. "ಮಳಿ ಬಂದ್ರ ಮುಚ್ಚು, ನಿಂತ ಮ್ಯಾಲ ತಗಿ" ಎಂದು ಹೇಳಿ ಹೋದಳು. ಮಳೆ ಬಂತು, ಪ್ಲಾಸ್ಟಿಕ್ ಹೊದಿಸಿದೆ. ಮಳೆ ನಿಂತರೂ ತೆಗೆಯಲಿಲ್ಲ. ಫ್ಲೈಓವರಿನಲ್ಲಿ ಕಲಿತ ಪಾಠ ಕೈಯಲ್ಲೇ ಇತ್ತು: ಕಾಂಕ್ರೀಟನ್ನು ಒದ್ದೆಯಾಗಿಟ್ಟು ಬಿಗಿಯಾಗಿ ಮುಚ್ಚಿದಷ್ಟೂ ಅದು ಗಟ್ಟಿ. ದಿನವೂ ನೀರು ಚಿಮುಕಿಸಿ ಮತ್ತೆ ಸುತ್ತಿಟ್ಟೆ. ಹೆಮ್ಮೆಯಿಂದಲೇ ಮಾಡಿದೆ. ಸುಣ್ಣ ಗಟ್ಟಿಯಾಗುವುದು ಗಾಳಿ ಕುಡಿದು ಎಂಬುದನ್ನು ನಾನೂ ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಅವಳು ಬರುವ ದಿನ ಬೆಳಿಗ್ಗೆ ಪ್ಲಾಸ್ಟಿಕ್ ತೆಗೆದು ಮಡಿಸಿಟ್ಟೆ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಹ್ಯೂಸ್ಟನ್ನಿನ ಪರೀಕ್ಷಕರು ಆ ವಾರವೇ ನೋಡಲು ಬರುವವರಿದ್ದರು. ಅಚ್ಚನ್ನು ಅದಕ್ಕೆ ಮೊದಲು ತೆಗೆಯಬೇಕಿತ್ತು. ಅದರ ಕಾಲುಗಳ ಕೆಳಗೆ ಬೆಣೆಗಳಿದ್ದವು. ಅವನ್ನು ಹೊಡೆದು ತೆಗೆದರೆ ಅಚ್ಚು ಕೆಳಗಿಳಿಯುತ್ತದೆ, ಕಮಾನು ತನ್ನ ಬಲದ ಮೇಲೆ ನಿಲ್ಲುತ್ತದೆ. ಅವಳು ಸುತ್ತಿಗೆ ಹಿಡಿದು ಒಳಗೆ ನುಗ್ಗಿದಳು.

"ಎಲ್ಲಾ ಒಮ್ಮೆಲೆ ಹೊಡೀಬ್ಯಾಡ್ರಿ," ಎಂದರು ಅಂಕಲ್. "ಒಂದ್ ಬಟ್ಟು ಇಳಸ್ರಿ, ಹೊರಗ ಬರ್ರಿ, ಊಟಾ ಮಾಡ್ರಿ. ಅದು ಕುಂತಿಲ್ಲಂದ್ರ ಆವಾಗ ಗೊತ್ತಾಗ್ತದ."

"ಅಂಕಲ್, ನಿಮಗ ಊಟದ್ದೇ ಚಿಂತಿ," ಎಂದು ನಕ್ಕಳು. ಆದರೆ ಮಾತು ಕೇಳಿದಳು. ನಾಲ್ಕು ಬೆಣೆಗಳನ್ನೂ ಒಂದೊಂದು ಬೆರಳಿನಷ್ಟೇ ಸಡಿಲಿಸಿದಳು. ಕೊನೆಯದನ್ನು ಮುಗಿಸಿ ಹೊರಬರುವ ಮೊದಲೇ ಕಮಾನು ಕುಸಿಯಿತು.

ಹೆಚ್ಚಿನ ಇಟ್ಟಿಗೆಗಳು ಆ ಒಂದು ಬೆರಳು ಕೆಳಗಿದ್ದ ಅಚ್ಚಿನ ಮೇಲೆಯೇ ಬಿದ್ದು ನಿಂತವು. ಎಡಬದಿಯವು ಮಾತ್ರ ಜಾರಿ ಅವಳನ್ನು ಹೊಡೆದವು. ಹೆಗಲಿನ ಕಾಲರ್ ಎಲುಬು ಮುರಿಯಿತು. ಅಚ್ಚು ಪೂರ್ತಿ ಇಳಿದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕವನ್ನು ನಾನು ಮಾಡಬಲ್ಲೆ, ಅದೇ ನನ್ನ ಓದು. ಹಾಗಾಗಿಯೇ ಅದು ನನ್ನನ್ನು ಬಿಡುವುದಿಲ್ಲ. ಆ ಮರಕ್ಕೆ, ಆ ಬೆಣೆಗಳಿಗೆ, ಹೆಸರೂ ಗೊತ್ತಿಲ್ಲದ ಯಾವ ಯಾವ ಗೌಂಡಿಗಳಿಂದಲೋ ನಡೆದುಬಂದು ಅಂಕಲ್ ಬಾಯಲ್ಲಿ ಉಳಿದ ಆ ಒಂದು ಮಾತಿಗೆ ದಿನವೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಎರಡು ವಾರ ಅವಳಿಗೆ ನಾನೇ ತಲೆ ಬಾಚಿದೆ. ಒಂದು ಬೆಳಿಗ್ಗೆ ಜಡೆ ಹೆಣೆಯುತ್ತಾ, ಅವಳ ಮುಖ ಕಾಣದಿದ್ದ ಧೈರ್ಯದಲ್ಲಿ ಹೇಳಿದೆ: "ನೀನಿಲ್ಲದ ಹತ್ತು ದಿನಾನೂ ಪ್ಲಾಸ್ಟಿಕ್ ಮುಚ್ಚಿಟ್ಟಿದ್ದೆ ಕಣೇ."

"ಗೊತ್ತದ."

"ಯಾರು ಹೇಳಿದ್ರು?"

"ಯಾರ್ ಹೇಳಬೇಕು? ಬಿದ್ದಾಗ ಗಾರೆ ತೋಳಿಗೆ ಮೆತ್ಕೊಂಡಿತ್ತು. ಹಸೀನೇ ಇತ್ತು, ಬೆಣ್ಣಿ ಇದ್ದಂಗ."

"ಮತ್ತೆ ಕಮಾನು ಬಿದ್ದದ್ದಕ್ಕೆ ವಿಭಾಗಕ್ಕೆ ಏನ್ ಕಾರಣ ಬರೆದುಕೊಟ್ಟೆ?"

"ಇಬ್ಬರೂ ಅವಸರ ಮಾಡಿದ್ವಿ ಅಂತ. ಸುಳ್ಳೇನಲ್ಲ. ನಾ ಬಂದು ಒಂದ್ ಸಂದಿ ಕೆರದು ನೋಡಿದ್ರ ತಿಳೀತಿತ್ತು." ಆಮೇಲೆ, "ಏ ಕಾಂಕ್ರೀಟಮ್ಮ, ಜಡಿ ಮೆಲ್ಲಕ ಎಳಿ. ಸುಣ್ಣ ಆಯ್ತು, ಈಗ ನನ್ನ ಜೀವ ತಗೀತಿಯೇನ?" ಎಂದಳು.

ನಗಲು ಹೋಗಿ ಅತ್ತೆ. ಅಂದೇ ಅವಳ ಪ್ರಬಂಧಕ್ಕೆ ಮಾರ್ಗದರ್ಶಕಿಯಾಗಿದ್ದ ಪ್ರಾಧ್ಯಾಪಕಿಯ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಕಮಾನು ಯಾಕೆ ಬಿತ್ತು ಎಂಬ ಅಧ್ಯಾಯವನ್ನು ನೀನೇ ಬರೆ, ಆಮೇಲೆ ಮತ್ತೆ ಕಟ್ಟಿ ಎಂದರು.

ಮತ್ತೆ ಕಟ್ಟಿದೆವು. ಈ ಸಲ ತಿಂಗಳುಗಟ್ಟಲೆ ಕಾದೆವು. ಅವಳ ತೋಳಿಗೆ ಇನ್ನೂ ಸುತ್ತಿಗೆ ಎತ್ತುವ ಶಕ್ತಿ ಬಂದಿರಲಿಲ್ಲ, ಹಾಗಾಗಿ ಬೆಣೆ ಸಡಿಲಿಸಲು ಒಳಗೆ ಹೋದವಳು ನಾನು. ಎರಡು ಪೆಟ್ಟು ಗುರಿ ತಪ್ಪಿದವು. ಅಂಕಲ್ ಹೊರಗಿನಿಂದ, "ಸಾವಕಾಶ್ರೀ, ಯಾರೂ ಬೆನ್ನತ್ತಿಲ್ಲ" ಎನ್ನುತ್ತಲೇ ಇದ್ದರು. ನಾಲ್ಕನೆಯ ಬೆಣೆಯೂ ಸಡಿಲವಾಯಿತು. ಅಚ್ಚು ಇಳಿಯಿತು, ಇಟ್ಟಿಗೆಗೂ ಮರಕ್ಕೂ ನಡುವೆ ಬೆಳಕಿನ ಒಂದು ಗೆರೆ ಕಾಣಿಸಿತು. ಕಮಾನು ಕದಲಲಿಲ್ಲ.

ನಾನೂ ಕದಲಲಿಲ್ಲ. ಆ ಗೆರೆಯನ್ನೇ ನೋಡುತ್ತಾ ಕಮಾನಿನ ಕೆಳಗೇ ಕೂತುಬಿಟ್ಟೆ. ಹೊರಗಿನಿಂದ ಅವಳು ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲಿಲ್ಲ. ಅಂಕಲ್ ಬೇಡ ಬೇಡ ಎನ್ನುತ್ತಿದ್ದಂತೆಯೇ ತಲೆ ಬಗ್ಗಿಸಿ ಒಳಗೆ ಬಂದಳು, ನೋವಿದ್ದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು.

"ಸರಕೊಂಡು ಕೂಡು," ಎಂದಳು. "ನನಗೂ ಜಾಗಾ ಬೇಕು."