ಅಂಜಿನಮ್ಮ ಮತ್ತು ಹಳದಿ ಬೂಷ್ಟು

ಮೊದಲ ಬುಟ್ಟಿಯ ಹೊಲಿಗೆ ಬಿಚ್ಚಿ, ಒಳಗಿದ್ದ, ಒತ್ತಿ ಗಟ್ಟಿ ಮಾಡಿದ ಟೀ ಇಟ್ಟಿಗೆಯೊಂದನ್ನು ಮುರಿದ ಕೂಡಲೇ ಅಂಜಿನಮ್ಮ ಅದನ್ನು ಕೈಯಿಂದ ಬಿಟ್ಟುಬಿಟ್ಟಳು. ಸಿಮೆಂಟು ನೆಲದ ಮೇಲೆ ಎರಡು ಹೋಳಾಗಿ ಬಿದ್ದ ಆ ಕಪ್ಪು ಗಟ್ಟಿಯ ಒಡಲ ತುಂಬ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು.

"ಬೂಷ್ಟು ಬಂದೈತೆ ಸಾರ್! ಯಾರೂ ಮುಟ್ಬ್ಯಾಡ್ರಿ, ವಿಷ ಇದು!"

ಮ್ಯಾನೇಜರ್ ಜಯಸಿಂಹ ಮೇಜಿನಿಂದ ತಲೆಯೆತ್ತಿ ನಕ್ಕ. "ಅದು ಹಾಗೇ ಇರೋದಂತೆ ಕಣಮ್ಮ. ಸುಮ್ನೆ ಜೋಡಿಸಿಡು."

ಅದು ಎಪ್ಪತ್ತೊಂಬತ್ತರ ಮಳೆಗಾಲ. ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಲ್ಲಿದ್ದ ಆ ಗೋದಾಮಿನಲ್ಲಿ ಅಂಜಿನಮ್ಮ ಆರು ವರ್ಷದಿಂದ ಟೀ ಪುಡಿ ಜರಡಿ ಹಿಡಿದು, ಕಡ್ಡಿ ಆರಿಸಿ, ಮೂಟೆ ತುಂಬುತ್ತಿದ್ದಳು. ಮೂಟೆಗಳೆಲ್ಲ ಪೀಣ್ಯದ ಕಾರ್ಖಾನೆಗಳ ಕ್ಯಾಂಟೀನುಗಳಿಗೆ ಹೋಗುತ್ತಿದ್ದವು. ಅವಳ ಗಂಡ ದಾಸಪ್ಪ ಅಂಥದೇ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಹೆಲ್ಪರ್. ದಿನಕ್ಕೆ ಮೂರು ಸಲ ಅದೇ ಟೀ ಕುಡಿಯುತ್ತಿದ್ದ. ಮೂಟೆ ಬಿಚ್ಚುವ ಮೊದಲೇ ಒಳಗೆ ತೇವ ಸೇರಿದೆಯೋ ಇಲ್ಲವೋ ಎಂದು ಅಂಜಿನಮ್ಮನ ಮೂಗು ಹೇಳಿಬಿಡುತ್ತಿತ್ತು. ಗೋದಾಮಿನಲ್ಲಿ ಎಲ್ಲರೂ ಅದನ್ನು ನಂಬುತ್ತಿದ್ದರು.

ಹಳದಿ ಬೂಷ್ಟಿಗೆ ಅವಳು ಹೆದರಲು ಕಾರಣವಿತ್ತು. ಎರಡು ವರ್ಷದ ಹಿಂದೆ, ಜಡಿಮಳೆಯಲ್ಲಿ ತೊಯ್ದ ಕಡಲೆಕಾಯಿ ಹಿಂಡಿಯನ್ನು ದಂಡ ಮಾಡಬಾರದೆಂದು ಅವಳೇ ಬಿಸಿಲಿಗೆ ಒಣಗಿಸಿ, ಕುದಿಸಿ ಹಸುವಿಗೆ ಇಟ್ಟಿದ್ದಳು. ಹಿಂಡಿಯ ಮೇಲೆ ಹಳದಿ ಹಸಿರು ಪುಡಿ ಕೂತಿದ್ದನ್ನು ಕಂಡಿದ್ದಳು, ಉಜ್ಜಿ ತೆಗೆದರಾಯಿತೆಂದುಕೊಂಡಿದ್ದಳು. ವಾರದೊಳಗೆ ಹಸು ಮೇವು ಬಿಟ್ಟಿತು, ಹಾಲು ಬತ್ತಿತು, ಕಣ್ಣು ಹಳದಿಯಾಯಿತು. ಮೊದಲು ಅದರ ಹಾಲು ಕುಡಿದ ಕರು ಸತ್ತಿತು, ಆಮೇಲೆ ತಾಯಿ. ನೆಲಮಂಗಲದಿಂದ ಬಂದ ದನದ ಡಾಕ್ಟರು, "ಬೂಷ್ಟಿನ ವಿಷ ಕುದಿಸಿದ್ರೂ ಹೋಗಲ್ಲಮ್ಮ" ಎಂದು ಹೇಳಿ ಕೈತೊಳೆದುಕೊಂಡಿದ್ದರು. ತನ್ನ ಕೈಯಾರೆ ಇಟ್ಟ ಆ ಹಿಂಡಿಯ ವಾಸನೆ ಅವಳ ಮೂಗಿನಿಂದ ಹೋಗಿರಲೇ ಇಲ್ಲ.

ಈ ಇಟ್ಟಿಗೆಗಳು ಉತ್ತರದ ಬೆಟ್ಟಸೀಮೆಯ ಕಾಲಿಂಪಾಂಗ್ ಕಡೆಯಿಂದ ಲಾರಿಯಲ್ಲಿ ಬಂದ ಹಳೇ ಟೀ. ಬೈಲಕುಪ್ಪೆಯ ಟಿಬೆಟಿನವರು ಬೆಣ್ಣೆ ಉಪ್ಪು ಹಾಕಿ ಕುಡಿಯುವಂಥದು. ಎರಡು ದಿನದಲ್ಲಿ ಬಂದು ಒಯ್ಯುತ್ತೇನೆಂದ ಅವರ ಮನುಷ್ಯ ಬಂದದ್ದು ಹದಿನೈದು ದಿನದ ಮೇಲೆ. ಅಷ್ಟರಲ್ಲಿ ಚಾವಣಿಯ ಶೀಟು ಬಿರುಕು ಬಿಟ್ಟು, ಗೋಡೆ ಪಕ್ಕದ ಬುಟ್ಟಿಗಳ ಮೇಲೆ ಮಳೆನೀರು ಸೋರಿತ್ತು.

ಬಂದವನ ಹೆಸರು ನಿಮಾ. ಐವತ್ತು ದಾಟಿದ, ಸುಕ್ಕುಗಟ್ಟಿದ ಮುಖದ ಮೆಲುಮಾತಿನವನು. ಬೈಲಕುಪ್ಪೆಯಲ್ಲಿ ಹದಿನೈದು ವರ್ಷ ಜೋಳ ಬೆಳೆದು ಅಷ್ಟಿಷ್ಟು ಕನ್ನಡ ಕಲಿತಿದ್ದ. ಒಣ ಬುಟ್ಟಿಯಿಂದ ಇಟ್ಟಿಗೆಯೊಂದನ್ನು ತೆಗೆದು ಮುರಿದ. ಒಳಗಿನ ಹಳದಿ ಚುಕ್ಕೆ ನೋಡಿ ಅವನ ಮುಖ ಅರಳಿತು.

"ಹೂವು ಬಂದಿದೆ. ಟೀ ಚೆನ್ನಾಗಿ ಹಣ್ಣಾದ್ರೆ ಈ ಹಳದಿ ಹೂವು ಬರುತ್ತೆ. ತುಂಬ ಒಳ್ಳೇದು."

"ಅಣ್ಣಾ, ಬ್ಯಾಡ! ನಮ್ಮ ಅಸು ಇಂಗೇ ಸತ್ತೋಯ್ತು," ಎಂದು ಅಂಜಿನಮ್ಮ ಅಡ್ಡ ಬಂದಳು.

ಅವನು ನಗಲಿಲ್ಲ. ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಸ್ಟವ್ ಮೇಲೆ ನೀರು ಕುದಿಸಲು ಹೇಳಿ, ಒಂದು ಚೂರು ಹಾಕಿ, ಕೆಂಪಗೆ ಇಳಿದ ಕಷಾಯವನ್ನು ಎರಡು ಲೋಟ ಕುಡಿದ. ಅಂಜಿನಮ್ಮ ಜರಡಿ ಹಿಡಿದು ಕೂತಳಾದರೂ ಕಣ್ಣೆಲ್ಲ ಅವನ ಮೇಲೇ. ಈಗ ಬೀಳುತ್ತಾನೆ, ಈಗ ವಾಂತಿ ಮಾಡುತ್ತಾನೆ ಎಂದು ಕಾಯುತ್ತಿದ್ದಳು. ಅವನು ಬೀಡಿ ಹಚ್ಚಿ, ಸೋರಿದ ಬುಟ್ಟಿಗಳ ಕಡೆ ನಡೆದ.

ಅಲ್ಲಿನ ಮೊದಲ ಇಟ್ಟಿಗೆಯ ಮೇಲೆ ಕಪ್ಪು ಕೂದಲಿನಂಥ ಬೂಷ್ಟು. ನೋಡಿದ ತಕ್ಷಣ ಪಕ್ಕಕ್ಕಿಟ್ಟ. ಎರಡನೆಯದರ ಮೇಲೆ ಬೂದಿ ಬಣ್ಣದ ಹತ್ತಿ. ಅದೂ ಪಕ್ಕಕ್ಕೆ. ಮೂರನೆಯದರ ಮೇಲೆ ಹಳದಿ. ಅದನ್ನು ಒಣ ಬುಟ್ಟಿಯ ಕಡೆಗೆ ಚಾಚಿದ.

ಅಂಜಿನಮ್ಮ ಎದ್ದು ಬಂದು ಅವನ ಕೈಯಿಂದ ಇಸಿದುಕೊಂಡಳು. ಮೂಗಿನ ಹತ್ತಿರ ಒಯ್ಯುವ ಮೊದಲೇ ವಾಸನೆ ಹತ್ತಿತು. ಅದೇ ಮುಗ್ಗಲು, ಗಂಟಲಿಗೆ ಚುಚ್ಚುವಂಥದು. ಬೆರಳಿನಿಂದ ಮೆಲ್ಲಗೆ ಸವರಿದಳು. ಬೆರಳಿಗೆ ಹಸಿರು ಬೆರೆತ ಹಳದಿ ಪುಡಿ ಮೆತ್ತಿಕೊಂಡಿತು.

"ನಿನ್ನ ಹೂವು ಗಟ್ಟಿಯೊಳಗೆ ಕಾಳುಕಾಳಾಗಿ ಕೂತೈತೆ, ಸವರಿದ್ರೆ ಬರಾಕಿಲ್ಲ. ಇದು ಮ್ಯಾಲೆ ಕೂತೈತೆ ನೋಡು, ಪುಡಿ ಆಗಿ ಹಾರ್ತೈತೆ. ಹಿಂಡಿ ಮ್ಯಾಲೆ ಇದ್ದಿದ್ದು ಇದೇ ಕಣಣ್ಣ."

ನಿಮಾ ಇಟ್ಟಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದ. ಮೂಸಿ ನೋಡಿದ. ಮುರಿದ. ಒಳಗೆ ಒಂದು ಚುಕ್ಕೆಯೂ ಇರಲಿಲ್ಲ. ಒದ್ದೆ ಸೊಪ್ಪು ಕೊಳೆತು ಮೆತ್ತಗಾಗಿತ್ತು. ಅದನ್ನೂ ಪಕ್ಕಕ್ಕಿಟ್ಟ.

"ನನ್ನ ಕಣ್ಣು ಮುದಿ ಆಯ್ತು ಅಮ್ಮಾ. ನೀನೂ ಬಾ, ಕೂತ್ಕೋ."

ಇಬ್ಬರೂ ಎದುರು ಬದುರು ಕೂತರು. ಅವನು ಒಳ್ಳೆಯ ಇಟ್ಟಿಗೆಯ ಹೋಳೊಂದನ್ನು ಅವಳ ಮೂಗಿಗೆ ಹಿಡಿದ. ಒಣಗಿದ ಹುಲ್ಲಿನ ಬಣವೆಯ ಹಾಗೆ, ಸ್ವಲ್ಪ ಸಿಹಿಯಾದ ಕಮ್ಮನೆ ವಾಸನೆ. ಒಳ್ಳೆಯದನ್ನು ಕೆಟ್ಟದ್ದರಿಂದ ಬೇರೆ ಮಾಡುತ್ತ ಸಂಜೆಯಾಯಿತು. ಪಕ್ಕಕ್ಕೆ ಬಿದ್ದವು ಹದಿನೆಂಟು. ಉಳಿದದ್ದನ್ನು ಲಾರಿಗೆ ಹೇರಿಸಿದ ನಿಮಾ ಹೋಗುವಾಗ ಜಯಸಿಂಹನಿಗೆ ಒಂದೇ ಮಾತು ಹೇಳಿದ: "ಅದು ಸುಟ್ಟುಬಿಡಿ ಸಾರ್."

ಮರುದಿನ ಬೆಳಿಗ್ಗೆ ಅಂಜಿನಮ್ಮ ಬಂದಾಗ ಹದಿನೆಂಟೂ ಅಂಗಳದ ಬಿಸಿಲಿನಲ್ಲಿ ಹರಡಿದ್ದವು. ಜೊತೆಗಾತಿ ಭಾಗ್ಯಮ್ಮ ತೆಂಗಿನ ನಾರಿನ ಬ್ರಷ್ಷಿನಿಂದ ಬೂಷ್ಟು ಉಜ್ಜುತ್ತಿದ್ದಳು.

"ಸಾರ್ ಹೇಳವ್ರೆ ಕಣಕ್ಕ. ಒಣಗಿದ್ಮ್ಯಾಲೆ ಕುಟ್ಟಿ, ಕ್ಯಾಂಟೀನ್ ಮೂಟೆಗೆ ಬೆರಸ್ಬೇಕಂತೆ."

ಅಂಜಿನಮ್ಮ ನೇರ ಜಯಸಿಂಹನ ಮೇಜಿನ ಮುಂದೆ ಹೋಗಿ ನಿಂತಳು.

"ಸಾರ್, ಅದು ಜನ ಕುಡಿಯಾದು."

"ಕುದಿಯೋ ನೀರಲ್ಲಿ ಎಲ್ಲಾ ಸತ್ತೋಗುತ್ತಮ್ಮ. ಹಾಲು ಸಕ್ಕರೆ ಬಿದ್ರೆ ಯಾರಿಗೆ ಗೊತ್ತಾಗುತ್ತೆ? ಬಣ್ಣ ಬಂದ್ರೆ ಸಾಕು."

"ನಾನೂ ಕುದಿಸೇ ಇಟ್ಟಿದ್ದೆ ಸಾರ್ ಅಸೂಗೆ."

"ಹಸು ವಿಷಯ ಬಿಡು. ಶೀಟು ಸೋರಿದ್ದು ನನ್ನ ತಲೆ ಮೇಲೆ ಬರುತ್ತೆ, ನಿನ್ನ ತಲೆ ಮೇಲಲ್ಲ. ಹೋಗು, ಕೆಲಸ ನೋಡು."

ಅವನು ಕೆಟ್ಟವನಲ್ಲ, ಅದೂ ಅವಳಿಗೆ ಗೊತ್ತಿತ್ತು. ಹಬ್ಬಕ್ಕೆ ರಜ ಕೇಳಿದರೆ ಇಲ್ಲವೆಂದವನಲ್ಲ. ಯಜಮಾನರಿಗೆ ಹೆದರಿ ಅವನ ಮುಖವೂ ಇಳಿದುಹೋಗಿತ್ತು. ಆದರೆ ಮಧ್ಯಾಹ್ನ ಎರಡಕ್ಕೆ ಕ್ಯಾಂಟೀನುಗಳ ಟೆಂಪೋ ಬರುವುದಿತ್ತು. ದಾಸಪ್ಪನಿಗೆ ಹೇಳಿ ಕುಡಿಯದ ಹಾಗೆ ಮಾಡಬಹುದು. ಅವನ ಜೊತೆ ಸಾಲಿನಲ್ಲಿ ನಿಂತು ಕುಡಿಯುವ ಉಳಿದವರಿಗೆ ಹೇಳುವವರು ಯಾರು?

ಹನ್ನೊಂದು ಗಂಟೆಗೆ ಭಾಗ್ಯಮ್ಮ ಒರಳಿನ ಹತ್ತಿರ ಇಟ್ಟಿಗೆಗಳನ್ನು ಗುಡ್ಡೆ ಹಾಕಿದಳು. ಅಂಜಿನಮ್ಮ ಕಕ್ಕಸಿನ ಮೂಲೆಯಿಂದ ಫಿನಾಯಿಲ್ ಡಬ್ಬ ತಂದಳು. ಮುಚ್ಚಳ ಬಿಗಿದುಕೊಂಡಿತ್ತು, ಸೆರಗು ಸುತ್ತಿ ತಿರುಗಿಸಿದಳು. "ಅಕ್ಕಾ, ಏನ್ ಮಾಡ್ತಿದೀಯೇ!" ಎಂದು ಭಾಗ್ಯಮ್ಮ ಚೀರುವಷ್ಟರಲ್ಲಿ ಡಬ್ಬ ಪೂರ್ತಿ ಗುಡ್ಡೆಯ ಮೇಲೆ ಸುರಿದಾಗಿತ್ತು.

ಜಯಸಿಂಹ ಓಡಿ ಬಂದ. ವಾಸನೆ ಗೋದಾಮೆಲ್ಲ ತುಂಬಿತ್ತು. ಗೇಟಿನ ಕಡೆ ಕೈ ತೋರಿಸಿದ. ಅವಳು ಬುತ್ತಿಯ ಡಬ್ಬಿ ಎತ್ತಿಕೊಂಡು ನಡೆದಳು.

ಮನೆಯಲ್ಲಿ ದಾಸಪ್ಪ ಎರಡು ದಿನ ಮಾತು ಬಿಟ್ಟ. ಮೂರನೇ ದಿನ, "ಇದ್ದ ಕೆಲಸ ಕಳಕೊಂಡೆ. ನನ್ನೊಂದು ಮಾತು ಕೇಳ್ಬೋದಾಗಿತ್ತಲ್ಲ?" ಎಂದ.

"ಕೇಳಿದ್ರೆ ಬ್ಯಾಡ ಅಂತಿದ್ದೆ," ಎಂದಳು ಅಂಜಿನಮ್ಮ.

ಒಂದೂವರೆ ತಿಂಗಳು ಅವಳು ಚಿಕ್ಕಬಾಣಾವರದ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದಳು. ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಜಯಸಿಂಹ ಸೈಕಲ್ ಹಿಡಿದು ಅವಳ ಬಾಗಿಲಲ್ಲಿ ನಿಂತಿದ್ದ. ಎರಡನೇ ಲಾರಿ ಬಂದಿತ್ತು. ಇವಳು ನೋಡದೆ ಒಂದು ಬುಟ್ಟಿಯನ್ನೂ ಮುಟ್ಟುವುದಿಲ್ಲವೆಂದು ನಿಮಾ ಬೆಳಗಿನಿಂದ ಗೋದಾಮಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ.

"ಕೆಟ್ಟಿದ್ದನ್ನ ನನ್ನ ಕಣ್ಣೆದುರಿಗೇ ಸುಡಬೇಕು ಸಾರ್," ಎಂದಳು ಅಂಜಿನಮ್ಮ.

ಜಯಸಿಂಹ ಸೈಕಲ್ಲಿನ ಹ್ಯಾಂಡಲ್ ನೋಡುತ್ತ, "ಸೀಮೆಎಣ್ಣೆ ತರಿಸ್ತೀನಿ, ನಡಿ," ಎಂದ.

ಆ ಸಲ ಶೀಟು ಸೋರಿರಲಿಲ್ಲ. ಕೆಟ್ಟದ್ದು ಆರೇ ಆರು. ಏಳನೆಯದೊಂದನ್ನು ಅವಳು ಎರಡು ಸಲ ಮೂಸಿದಳು, ಬೆಳಕಿಗೆ ಹಿಡಿದಳು, ಬೆರಳು ಸವರಿದಳು. ಒಳಗೆ ಕಾಳುಗಳಿದ್ದವು, ಒಂದು ಅಂಚಿನಲ್ಲಿ ಮಾತ್ರ ಏನೋ ಮಾಸಲು.

"ಇದು ಒಳ್ಳೇದೇ ಇರ್ಬೋದು ಅಮ್ಮಾ," ಎಂದ ನಿಮಾ. ಅಂಥ ಇಟ್ಟಿಗೆಯನ್ನು ಬೆಂಕಿಗೆ ಹಾಕಲು ಅವನಿಗೆ ಮನಸ್ಸಿರಲಿಲ್ಲ.

"ಇರ್ಬೋದು. ನಂಗೆ ಗೊತ್ತಾಗ್ತಿಲ್ಲ ಅಣ್ಣಾ," ಎಂದು ಅಂಜಿನಮ್ಮ ಅದನ್ನೂ ಉರಿಯೊಳಗೆ ಇಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಪೂರ್ತಿ ಬೂದಿಯಾಗುವ ತನಕ ಅಲ್ಲೇ ನಿಂತಳು.