ಕಟಕಟೆಯಲ್ಲಿ ಅಣ್ಣನ ದನಿ

ಸತ್ತವರು ಬದುಕಿರುವವರ ಬಾಯಲ್ಲಿ ಮಾತನಾಡುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ಸುಂಟಿಕೊಪ್ಪದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಕಾಫಿ ಎಸ್ಟೇಟುಗಳಲ್ಲಿ ಕೂಲಿಯವರಿಗೆ ಕಟ್ಟಿಸಿದ ಲೈನ್ ಮನೆಗಳವರು. ಒಮ್ಮೆ ಒಬ್ಬ ಹುಡುಗಿ, ತನ್ನ ಚಿಕ್ಕಮ್ಮನ ಮೈಮೇಲೆ ತೀರಿಹೋದ ಅಜ್ಜ ಬಂದು, ಅಜ್ಜನದೇ ದನಿಯಲ್ಲಿ ಬೀಡಿ ಕೇಳಿದರು ಎಂದಳು. ನಾನು ಬೋರ್ಡಿನ ಮೇಲೆ ಗಂಟಲಿನ ಚಿತ್ರ ಬರೆದು, ದನಿ ಹುಟ್ಟುವುದು ಹೇಗೆ, ಒಬ್ಬರ ದನಿ ಇನ್ನೊಬ್ಬರ ಗಂಟಲಿನಿಂದ ಯಾಕೆ ಬರಲಾರದು ಎಂದು ವಿವರಿಸಿದೆ. ಹುಡುಗಿ ಒಪ್ಪಿದವಳಂತೆ ತಲೆಯಾಡಿಸಿದಳು. ಆ ಪಾಠವನ್ನು ನಾನು ಈಗಲೂ ಮಾಡುತ್ತೇನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾಡುವಾಗ ಮೊದಲಿನ ಹುರುಪು ಇರುವುದಿಲ್ಲ. ಕಾರಣ ಹೇಳುತ್ತೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ, ನಾನೇ ಪೂರ್ತಿ ನಂಬಿಲ್ಲ.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ ಕುಟುಂಬ. ಅಪ್ಪ ಬೇಗ ತೀರಿಕೊಂಡರು. ಅಣ್ಣ ಮಂಜುನಾಥ ಓದು ಬಿಟ್ಟು ಮೆಕ್ಯಾನಿಕ್ ಕೆಲಸಕ್ಕೆ ಸೇರಿ ನನ್ನನ್ನು ಓದಿಸಿದ. ಆಮೇಲೆ ಸುಂಟಿಕೊಪ್ಪದ ಆಚೆ ರಸ್ತೆ ಬದಿಯಲ್ಲಿ ತನ್ನದೇ ಒಂದು ಗ್ಯಾರೇಜು ಹಾಕಿಕೊಂಡ. ಸುತ್ತಲಿನ ತೋಟಗಳ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮೆಷಿನ್ನು ಎಲ್ಲ ರಿಪೇರಿಗೆ ಅವನ ಹತ್ತಿರವೇ ಬರುತ್ತಿದ್ದವು. ಓಡುವ ಇಂಜಿನ್ನುಗಳ ಪಕ್ಕ ಕೂಗಿ ಕೂಗಿ ಅವನ ದನಿ ಒಡೆದುಹೋಗಿತ್ತು.

ಅಣ್ಣನಿಗೆ ಸಣ್ಣದರಿಂದಲೂ ಉಗ್ಗು ಇತ್ತು. ಎಲ್ಲ ಮಾತಿಗೂ ಅಲ್ಲ, ‘ಮ’ ಬಂದಾಗ ಮಾತ್ರ. ಪಾಪ, ಅವನ ಹೆಸರೇ ಆ ಅಕ್ಷರದಿಂದ ಶುರು. ಮಾತು ಸಿಕ್ಕಿಕೊಂಡಾಗ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಂಗೈಯಿಂದ ತೊಡೆಯ ಮೇಲೆ ಮೆಲ್ಲಗೆ ಬಡಿದುಕೊಂಡರೆ ಮಾತು ಬಿಡಿಸಿಕೊಂಡು ಹೊರಗೆ ಬರುತ್ತಿತ್ತು. ನಾನು ಪ್ರೈಮರಿಯಲ್ಲಿದ್ದಾಗ ಶಾಲೆ ಬಿಡುವ ಹೊತ್ತಿಗೆ ಗೇಟಿನಾಚೆ ನಿಂತಿರುತ್ತಿದ್ದ. “ಮ... ಮ... ಮನೆಗೋಗಣ ಬಾ ಪುಟ್ಟಿ” ಎನ್ನುತ್ತಿದ್ದ. ಗೆಳತಿಯರು ನಗುತ್ತಿದ್ದರು. ನನ್ನನ್ನು ಪುಟ್ಟಿ ಎಂದು ಕರೆದವನು ಅವನೊಬ್ಬನೇ. ಅಮ್ಮನೂ ಹೆಸರು ಹಿಡಿದೇ ಕರೆಯುತ್ತಿದ್ದಳು.

ಅಣ್ಣ ಸತ್ತದ್ದು ಒಂದು ಭಾನುವಾರ ಮಧ್ಯಾಹ್ನ. ಊಟಕ್ಕೆ ಮನೆಗೆ ಬರಲು ಗ್ಯಾರೇಜಿನ ಶಟರ್ ಎಳೆಯುತ್ತಿದ್ದನಂತೆ. ಮದುವೆಯ ಊಟ ಮುಗಿಸಿ, ಕಂಠಪೂರ್ತಿ ಕುಡಿದು ಬರುತ್ತಿದ್ದ ಒಬ್ಬನ ಕಾರು ತಿರುವಿನಲ್ಲಿ ತಿರುಗದೆ ನೇರವಾಗಿ ಬಂದು ಅವನನ್ನು ಶಟರಿಗೆ ಒತ್ತಿತು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಕಾರಿನವನಿಗೆ ಹಣೆಯ ಮೇಲೆ ಒಂದು ಗೀರು. ಜನ ಅಣ್ಣನನ್ನು ಎತ್ತುತ್ತಿದ್ದಾಗ ಅವನು ಕಲ್ಲಿನ ಮೇಲೆ ಕೂತು ಸ್ನೇಹಿತರಿಗೆ ಫೋನು ಮಾಡುತ್ತಿದ್ದನಂತೆ. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೋಂಸ್ಟೇ ನಡೆಸುತ್ತಾನೆ, ನಾಲ್ಕು ಜನಕ್ಕೆ ಬೇಕಾದವನು, ಅಷ್ಟು ಸಾಕು.

ರಕ್ತ ಪರೀಕ್ಷೆಯಲ್ಲಿ ಕುಡಿದದ್ದು ಸಾಬೀತಾಯಿತು. ಆದರೂ ಕೇಸು ಹಾಕಿದ್ದು ನಿರ್ಲಕ್ಷ್ಯದಿಂದಾದ ಸಾವು ಎಂದು. ಕುಡಿದು ಸ್ಟೇರಿಂಗ್ ಹಿಡಿಯುವವನಿಗೆ ತಾನೇನು ಮಾಡುತ್ತಿದ್ದೇನೆ ಎಂಬುದು ಗೊತ್ತಿರುವುದಿಲ್ಲವೇ? ಸರ್ಕಾರಿ ವಕೀಲರನ್ನು ಹೀಗೆಂದು ಕೇಳಿದ್ದೆ. ಅವರು ಒಳ್ಳೆಯವರೇ.

“ಈ ಸೆಕ್ಷನ್‌ಗೆ ಹೆಚ್ಚೆಂದ್ರೆ ಎರಡು ವರ್ಷ ಮೇಡಂ. ಅಷ್ಟೂ ಸಿಗುತ್ತೆ ಅಂತ ಹೇಳಕ್ಕಾಗಲ್ಲ” ಎಂದರು.

“ಒಂದು ಜೀವಕ್ಕೆ ಅಷ್ಟೇನಾ?”

“ಜೀವಕ್ಕಲ್ಲ ಮೇಡಂ, ಸೆಕ್ಷನ್‌ಗೆ.”

ವರ್ಷಗಟ್ಟಲೆ ಓಡಾಡಿದೆವು, ನಾನು ಮತ್ತು ಅತ್ತಿಗೆ. ಕಾರಿನವನ ವಕೀಲರಿಗೆ ಹುಷಾರಿಲ್ಲವೆಂದು ಒಮ್ಮೆ, ಸಾಕ್ಷಿ ಬಂದಿಲ್ಲವೆಂದು ಒಮ್ಮೆ, ಕೋರ್ಟಿಗೆ ರಜೆ ಎಂದು ಒಮ್ಮೆ. ಗ್ಯಾರೇಜಿನ ಎದುರು ಟೀ ಅಂಗಡಿ ಇಟ್ಟುಕೊಂಡಿದ್ದವರು ಕಣ್ಣಾರೆ ಕಂಡಿದ್ದರೂ ಕಟಕಟೆಯಲ್ಲಿ ನಿಂತು, ಬಿಸಿಲಿಗೆ ಸರಿಯಾಗಿ ಕಾಣಲಿಲ್ಲ ಎಂದರು. ಅತ್ತಿಗೆ ಜಯಂತಿ ಒಂದು ದಿನವೂ ಗೊಣಗಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಊರು ಬರುವವರೆಗೆ ಮಾತಿಲ್ಲ. ಮಾತೆಲ್ಲ ನನ್ನದೇ. ಅವನಿಗೆ ಏನಾಗಬೇಕು, ಎಷ್ಟು ವರ್ಷ ಕೊಳೆಯಬೇಕು ಎಂದು ಹೇಳಿಕೊಂಡು ಹೋಗುತ್ತಿದ್ದೆ.

ಕೊನೆಗೆ ಅವನು ಅಪರಾಧಿ ಎಂದು ತೀರ್ಮಾನವಾದ ದಿನ ಬಂತು. ಫೆಬ್ರವರಿ ತಿಂಗಳು. ಕೋರ್ಟಿನ ಹೆಂಚಿನ ಮಾಡಿನ ಕೆಳಗೆ ಫ್ಯಾನು ತಿರುಗುತ್ತಿತ್ತು, ಕಿಟಕಿಯಿಂದ ಹನ್ನೊಂದರ ಬಿಸಿಲು ನೆಲಕ್ಕೆ ಬಿದ್ದಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಇಂಥ ಸಂಗತಿಗಳು ಕತ್ತಲಲ್ಲಿ, ಅರೆನಿದ್ದೆಯಲ್ಲಿ ಆಗುತ್ತವೆ ಎಂದು ನಾವು ತಿಳಿದಿರುತ್ತೇವೆ. ನಾನು ಪೂರ್ತಿ ಎಚ್ಚರವಾಗಿದ್ದೆ. ಜ್ವರ ಇರಲಿಲ್ಲ. ಬೆಳಿಗ್ಗೆ ಇಡ್ಲಿ ತಿಂದು ಬಂದಿದ್ದೆ.

ಅಪರಾಧಿ ಎಂದು ಹೇಳಿದ ಮೇಲೆ, ಶಿಕ್ಷೆ ಎಷ್ಟು ಎಂದು ಹೇಳುವ ಮೊದಲು, ಅವನ ಮಾತನ್ನೂ ಕೇಳಬೇಕಂತೆ. ಅದು ಕ್ರಮ. ಕಟಕಟೆಯಲ್ಲಿ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತಿದ್ದ. ಅವನ ಮಾತನ್ನು ಅದಕ್ಕೂ ಮುಂಚೆ ನಾನು ಎಷ್ಟೋ ಸಲ ಕೇಳಿದ್ದೆ. ಕೋರ್ಟಿನ ಜಗಲಿಯಲ್ಲಿ, ಕ್ಯಾಂಟೀನಿನಲ್ಲಿ. ತೆಳ್ಳನೆಯ, ನುಣುಪಾದ ದನಿ, ತಡೆಯಿಲ್ಲದ ಮಾತು.

“ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ?” ಎಂದು ನ್ಯಾಯಾಧೀಶರು ಕೇಳಿದರು.

ಅವನು ಬಾಯಿ ತೆರೆದ. ಮಾತು ಬರಲಿಲ್ಲ. ಅವನ ಎಡಗಣ್ಣು ಮುಚ್ಚಿಕೊಂಡಿತು. ಬಲಗೈ ಕಟಕಟೆಯ ಮರದ ಮೇಲೆ ಮೆಲ್ಲಗೆ ಬಡಿಯಿತು. ಆಮೇಲೆ ಆ ಒಡಕು ದನಿ, ನನ್ನ ಅಣ್ಣನ ದನಿ, ನ್ಯಾಯಾಧೀಶರ ಕಡೆಗಲ್ಲ, ನೇರ ನನ್ನ ಕಡೆಗೆ ಬಂತು.

“ಮ... ಮ... ಮನೆಗೋಗಣ ಬಾ ಪುಟ್ಟಿ.”

ನಾನು ಎದ್ದು ನಿಂತೆ. ಏನೋ ಕೂಗಿದೆನಂತೆ, ಏನೆಂದು ನೆನಪಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಕೋರ್ಟಿನ ಜವಾನ ಬಂದು “ಕೂತ್ಕೊಳ್ಳಿ ಅಮ್ಮ, ಎದ್ದು ನಿಲ್ಲಂಗಿಲ್ಲ” ಎಂದ. ಕಟಕಟೆಯಲ್ಲಿದ್ದವನು ಬೆವರು ಒರೆಸಿಕೊಳ್ಳುತ್ತಿದ್ದ. ಅವನ ವಕೀಲರು ಎದ್ದು ವಯಸ್ಸಾದ ತಾಯಿ, ಪುಟ್ಟ ಮಗಳು, ಮೊದಲ ತಪ್ಪು, ದುರದೃಷ್ಟದ ಘಟನೆ ಎಂದು ಮುಂದುವರಿಸಿದರು. ಯಾರೊಬ್ಬರ ಮುಖದಲ್ಲೂ ಅಚ್ಚರಿ ಇರಲಿಲ್ಲ.

ಆರು ತಿಂಗಳ ಸಾದಾ ಸಜೆ, ಒಂದಿಷ್ಟು ದಂಡ. ಅವನು ಮೇಲ್ಮನವಿ ಹಾಕಿಕೊಳ್ಳಲು ಅನುಕೂಲವಾಗಲಿ ಎಂದು ಆ ಆರು ತಿಂಗಳನ್ನೂ ಅಲ್ಲೇ ತಡೆಹಿಡಿದು ಜಾಮೀನು ಕೊಟ್ಟರು. ಊಟದ ಹೊತ್ತಿಗೆ ಅವನು ಹೊರಗೆ ಬಂದು ಕಾರಿನಲ್ಲಿ ಕೂತ. ಈ ಸಲ ಓಡಿಸಿದ್ದು ಬೇರೆಯವರು. ಮರದ ಕೆಳಗೆ ನಿಂತು ನಾವು ಅದನ್ನು ನೋಡಿದೆವು. ಮನೆಗೆ ಹೋಗೋಣ ಎಂದ ಬಾಯಿ ಮನೆಗೆ ಹೋಯಿತು.

ಸರ್ಕಾರಿ ವಕೀಲರನ್ನು ಕೇಳಿದೆ. “ಅವನು ಏನು ಹೇಳಿದ ಸರ್?”

“ಇನ್ನೇನು ಹೇಳ್ತಾನೆ? ಮನೇಲಿ ಪುಟ್ಟ ಮಗು ಇದೆ, ಮನೆಗೆ ಹೋಗ್ಬೇಕು ಅಂದ. ಗಾಬರಿ, ಸ್ವಲ್ಪ ತಡವರಿಸ್ದ. ಯಾಕೆ ಮೇಡಂ, ನಿಮಗೆ ಹುಷಾರಿಲ್ವಾ?”

ಮನೆ, ಪುಟ್ಟ. ಎರಡೂ ಶಬ್ದ ಅಲ್ಲಿವೆ. ವರ್ಷಗಟ್ಟಲೆ ಅಣ್ಣನನ್ನೇ ನೆನೆದು ಸವೆದ ಕಿವಿ ಉಳಿದದ್ದನ್ನು ತಾನೇ ಕಟ್ಟಿಕೊಂಡಿರಬಹುದು. ನನ್ನ ವಿದ್ಯಾರ್ಥಿಗಳಿಗಾದರೆ ಹೀಗೆಯೇ ವಿವರಿಸುತ್ತಿದ್ದೆ, ನನಗೂ ಹಾಗೆಯೇ ವಿವರಿಸಿಕೊಂಡೆ. ಬಸ್ಸು ಹತ್ತುವಷ್ಟರಲ್ಲಿ ಹೆಚ್ಚುಕಡಿಮೆ ಒಪ್ಪಿಯೂ ಆಗಿತ್ತು.

ಅತ್ತಿಗೆ ಎಂದಿನಂತೆ ಕಿಟಕಿಯ ಪಕ್ಕ ಕೂತರು. ಸುಂಟಿಕೊಪ್ಪ ಹತ್ತಿರ ಬಂದಾಗ ಮುಖ ತಿರುಗಿಸದೆಯೇ ಕೇಳಿದರು.

“ಅಲ್ಲಿ ಯಾಕೆ ಎದ್ದು ನಿಂತ್ಕಂಡೆ?”

“ತಲೆ ಸುತ್ತಿದಂಗಾಯ್ತು ಅತ್ತಿಗೆ.”

ಸೆರಗಿನಿಂದ ಕಿಟಕಿಯ ಗಾಜು ಒರೆಸಿದರು. ಆಮೇಲೆ ಬಹಳ ಮೆಲ್ಲಗೆ, “ನಿಂಗೂ ಕೇಳಿಸ್ತಾ?” ಎಂದರು.

“ಏನು?” ಎಂದೆ.

“ಏನಿಲ್ಲ ಬಿಡು.”

ಅಷ್ಟೇ. ಇಳಿಯುವ ಜಾಗ ಬಂತು, ಇಳಿದೆವು. ಆ ವಾರವೇ ನಾನು ನಮ್ಮ ಕಡೆಯಿಂದಲೂ ಮೇಲ್ಮನವಿ ಹಾಕುವ ಮಾತೆತ್ತಿದೆ. ಇದು ನಿರ್ಲಕ್ಷ್ಯವಲ್ಲ, ಇನ್ನೂ ದೊಡ್ಡ ಅಪರಾಧ ಎಂದು ಮೇಲಿನ ಕೋರ್ಟಿನಲ್ಲಿ ಕೇಳಬಹುದು ಎಂದಿದ್ದರು ನಾನು ವಿಚಾರಿಸಿದ ಬೇರೊಬ್ಬ ವಕೀಲರು. ಅತ್ತಿಗೆ ಅಕ್ಕಿ ಆರಿಸುತ್ತಿದ್ದರು. “ನಂಗೆ ಸಾಕು” ಎಂದರು. “ಅವರೇ ಸಾಕು ಅಂದ ಮೇಲೆ ನಾವ್ಯಾರು?” ಎಂದು ಮೊರದ ಕಡೆ ನೋಡಿಕೊಂಡೇ ಸೇರಿಸಿದರು. ಯಾರು ಸಾಕು ಅಂದದ್ದು, ಯಾವಾಗ, ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ. ಕೇಳಿದರೆ ಅವರು ಹೇಳಿಬಿಡುತ್ತಾರೆ ಎಂದು ಹೆದರಿದೆ. ಒಬ್ಬಳೇ ಹೋಗಿ ವಕೀಲರ ಹತ್ತಿರ ಸಹಿ ಹಾಕಿ ಬಂದೆ. ಅಂದಿನಿಂದ ಅತ್ತಿಗೆಗೂ ನನಗೂ ಜಗಳವೇನೂ ಇಲ್ಲ, ಮೊದಲಿನ ಸಲಿಗೆಯೂ ಇಲ್ಲ.

ಇದಾಗಿ ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೆಡಿಕಲ್ ಶಾಪಿನಲ್ಲಿ ಆ ಕಾರಿನವನು ಎದುರಾದ. ಕೈಯಲ್ಲಿ ತಾಯಿಯ ಔಷಧದ ಚೀಟಿ. ನೋಡದವಳಂತೆ ಹೋಗಬೇಕೆಂದಿದ್ದೆ. ಅವನೇ ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

“ನಮಸ್ಕಾರ ಮೇಡಂ. ಕುಡಿಯೋದು ಪೂರ್ತಿ ಬಿಟ್ಟಿದೀನಿ ಮೇಡಂ.”

ಬಿಡಲಿಕ್ಕೆ ನನ್ನ ಅಣ್ಣನೇ ಬೇಕಾಯಿತು ಎಂದು ಬಾಯಿಯ ತುದಿಗೆ ಬಂತು. ಆದರೆ ಹೊರಗೆ ಬಂದದ್ದು ಬೇರೆ. “ಅವತ್ತು ಶಿಕ್ಷೆಯ ಬಗ್ಗೆ ಕೇಳಿದಾಗ ನೀವು ಏನು ಹೇಳಿದಿರಿ?”

ಅವನು ತಬ್ಬಿಬ್ಬಾದ. “ಮಗಳಿದಾಳೆ, ಅಮ್ಮನಿಗೆ ಹುಷಾರಿಲ್ಲ ಅಂತ ಹೇಳ್ಬೇಕು ಅಂದಿದ್ರು ಲಾಯರು. ಹೇಳಿದ್ನಾ ಇಲ್ವಾ ನನಗೇ ಗೊತ್ತಿಲ್ಲ ಮೇಡಂ. ಬಾಯಿ ತೆರೆದದ್ದು ನೆನಪಿದೆ. ಆಮೇಲೆ ನೀವು ಎದ್ದು ನಿಂತದ್ದು ಕಾಣಿಸ್ತು. ಮಧ್ಯದ್ದು ಇಲ್ಲ.”

“ಮಾತು ತೊದಲುವುದು ಮುಂಚಿನಿಂದ ಇದೆಯಾ?”

“ನನಗಾ? ಇಲ್ಲ ಮೇಡಂ, ಯಾವತ್ತೂ ಇರ್ಲಿಲ್ಲ.” ಅವನ ಮುಖ ಬಿಳಿಚಿಕೊಂಡಿತು. ಹತ್ತಿರ ಬಂದು ದನಿ ತಗ್ಗಿಸಿ, “ನಾನು ಅವತ್ತು ಏನು ಹೇಳ್ದೆ ಮೇಡಂ? ದಯವಿಟ್ಟು ಹೇಳಿ” ಎಂದ.

ಹೇಳಲಿಲ್ಲ. ಹೇಳಿದ್ದರೆ ಅದನ್ನು ಅವನು ಕ್ಷಮೆ ಎಂದುಕೊಳ್ಳುತ್ತಿದ್ದ. ಕಣ್ಣೀರು ಹಾಕುತ್ತಿದ್ದ, ಅಂದು ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದ. ಅಣ್ಣನ ಉಸಿರನ್ನು ತೆಗೆದುಕೊಂಡವನಿಗೆ ಅಣ್ಣನ ಮಾತನ್ನೂ ಕೊಡಲು ನನಗೆ ಮನಸ್ಸಾಗಲಿಲ್ಲ. ನನ್ನ ಔಷಧಿ ತೆಗೆದುಕೊಂಡು ಹೊರಟೆ. ಅವನು ಅಲ್ಲೇ ನಿಂತಿದ್ದ.

ಈಗಲೂ ಇದು ನನಗೆ ಅರ್ಥವಾಗಿಲ್ಲ. ಬರೀ ಕಿವಿಯ ಭ್ರಮೆಯಾಗಿದ್ದರೆ ಅತ್ತಿಗೆಗೆ ಕೇಳಿಸಿದ್ದೇನು? ನಿಜವಾಗಿ ಅಣ್ಣನೇ ಆಗಿದ್ದರೆ ನನ್ನ ಸಿಟ್ಟು ಅವನ ಮೇಲೂ ಇದೆ. ಕನಸಿನಲ್ಲಿ ಒಂದು ಸಲವೂ ಬಾರದವನು, ಅಷ್ಟೆಲ್ಲ ಜನರಿರುವಾಗ ಆ ಗಂಟಲನ್ನೇ ಹುಡುಕಿಕೊಂಡು ಬರಬೇಕಿತ್ತೇ? ಬಂದವನು ನ್ಯಾಯಾಧೀಶರಿಗೆ ಹೇಳಬೇಕಾದದ್ದನ್ನು ಹೇಳಬಾರದಿತ್ತೇ? ನನ್ನ ಮೇಲಿನ ಕನಿಕರದಿಂದ ಕರೆದನೋ, ಕಾರಿನವನನ್ನು ಬಿಟ್ಟುಬಿಡು ಎಂದನೋ, ಅದೂ ತಿಳಿಯದು.

ಮೇಲಿನ ಕೋರ್ಟಿನ ವಿಚಾರಣೆ ಹತ್ತಿರ ಬಂದಿದೆ. ನಾನು ಹೋಗುತ್ತೇನೆ. ಮೊನ್ನೆ ವಕೀಲರಿಗೆ ಫೋನು ಮಾಡಿದಾಗ, ಅಲ್ಲಿಗೆ ಕಾರಿನವನು ಬರಬೇಕಾದ ಅಗತ್ಯವಿಲ್ಲ, ಅವನ ಪರವಾಗಿ ವಕೀಲರು ಮಾತನಾಡುತ್ತಾರೆ, ಅವನನ್ನು ಯಾರೂ ಏನೂ ಕೇಳುವುದಿಲ್ಲ ಎಂದರು. ಸರಿ ಎಂದು ಫೋನಿಟ್ಟೆ. ಆ ಬಾಯಿ ಅಲ್ಲಿ ತೆರೆಯುವುದಿಲ್ಲ ಎಂದು ಕೇಳಿ ನನಗೆ ನಿರಾಳವಾಯಿತೋ ನಿರಾಸೆಯಾಯಿತೋ, ಇನ್ನೂ ಹೇಳಲಾರೆ.